ಬೇಸಿಗೆ ನೋಡಿ ಗುಲಾಬಿ ಆರಿಸಿ

ಅಹಮದಾಬಾದಿನಲ್ಲಿ ಜನವರಿ ಬಂತೆಂದರೆ ಆಕಾಶದಲ್ಲಿ ಉತ್ತರಾಯಣದ ಗಾಳಿಪಟ, ಸಾಬರಮತಿಯ ದಂಡೆಯಲ್ಲಿ ಹೂವಿನ ಪ್ರದರ್ಶನ. ಮಹಾನಗರ ಪಾಲಿಕೆ 2013ರಲ್ಲಿ ಆರಂಭಿಸಿದ ಈ ಪ್ರದರ್ಶನವನ್ನು ನೋಡಿ ಬಂದವರಿಗೆ ಮನೆಯಲ್ಲೂ ಒಂದು ಗುಲಾಬಿ ಗಿಡ ಇರಲಿ ಎನ್ನಿಸುವುದು ಸಹಜ. ನರ್ಸರಿಗಳಲ್ಲಿ ಆ ಹೊತ್ತಿಗೆ ಅಂಗೈಯಗಲದ ಹೂ ಹೊತ್ತ ಗಿಡಗಳು ಸಾಲಾಗಿ ನಿಂತಿರುತ್ತವೆ. ನಗರದ ನವರಂಗಪುರ ಬಡಾವಣೆಯ ವಸತಿ ಸೊಸೈಟಿಗಳ ಅಂಗಳಕ್ಕೆ, ಬಾಲ್ಕನಿಗೆ, ಇಲ್ಲಿನವರು ಅಗಾಶಿ ಎನ್ನುವ ತಾರಸಿಗೆ ಅವು ಬಂದು ಸೇರುತ್ತವೆ. ಹೋಳಿಯವರೆಗೆ ಎಲ್ಲವೂ ಚೆನ್ನ. ಏಪ್ರಿಲ್‌ನಲ್ಲಿ ಹೂ ಕಿರಿದಾಗುತ್ತದೆ, ಎಲೆಯ ಅಂಚು ಸುಡುತ್ತದೆ. ಮೇ ಮುಗಿಯುವಷ್ಟರಲ್ಲಿ ಎಷ್ಟೋ ಕುಂಡಗಳಲ್ಲಿ ಉಳಿಯುವುದು ಒಣಕಡ್ಡಿ ಮಾತ್ರ. ಗಿಡ ತಂದವರು ತಮ್ಮ ಕೈಗುಣ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಇದು ಕೈಗುಣದ ಮಾತಲ್ಲ. ಗುಲಾಬಿಯನ್ನು ನಾವು ಆರಿಸುವುದು ಅದು ಸುಖವಾಗಿರುವ ತಿಂಗಳಲ್ಲಿ, ಅದು ಬದುಕಬೇಕಾದದ್ದು ಕಷ್ಟದ ತಿಂಗಳಲ್ಲಿ. ನಡುಕ ಹುಟ್ಟಿಸದ ಚಳಿಗಾಲವಿರುವ ಊರಿನಲ್ಲಿ ಡಿಸೆಂಬರ್‌ನಲ್ಲಿ ಹೂ ಬಿಡದ ತೋಟದ ಗುಲಾಬಿ ವಿರಳ. ಮೇ ತಿಂಗಳನ್ನು ದಾಟಿ ಬರುವ ಗುಲಾಬಿಗಳು ಕೆಲವೇ. ಆ ಕೆಲವನ್ನು ಗುರುತಿಸುವುದು, ಅವುಗಳ ವರ್ಷವನ್ನು ಇಲ್ಲಿನ ಹವೆಗೆ ತಕ್ಕಂತೆ ಹೊಂದಿಸುವುದು ಕಲಿಯಬಹುದಾದ ವಿದ್ಯೆ. ಅದರ ಹಿಂದಿನ ಕಾರಣಗಳನ್ನು ತಿಳಿದುಕೊಂಡರೆ ಕಲಿಯುವುದು ಇನ್ನೂ ಸುಲಭ.

ಚಳಿಯ ಲೆಕ್ಕ, ಸೆಕೆಯ ಲೆಕ್ಕ

ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಉಪಗ್ರಹ ವಿಜ್ಞಾನಿ ಯು.ಆರ್. ರಾವ್ ಅವರು ಕೆಲಸ ಮಾಡಿದ ಭೌತ ಸಂಶೋಧನಾ ಪ್ರಯೋಗಾಲಯ ಇರುವುದು ನವರಂಗಪುರದಲ್ಲಿ. ಅವರ ಕಾಲದಿಂದ ಇಂದಿನವರೆಗೂ ವಿಜ್ಞಾನ, ಶಿಕ್ಷಣ, ವ್ಯಾಪಾರ ಎಂದು ಕನ್ನಡಿಗರು ಈ ಊರಿಗೆ ಬರುತ್ತಲೇ ಇದ್ದಾರೆ. ಬೆಂಗಳೂರು, ಮೈಸೂರಿನ ಕಡೆಯಿಂದ ಬಂದವರಿಗೆ ಅಲ್ಲಿನ ಗುಲಾಬಿಯ ಪದ್ಧತಿ ಇಲ್ಲಿ ಕೈಕೊಡುವುದು ಏಕೆಂದು ಮೊದಲು ಹೊಳೆಯುವುದಿಲ್ಲ. ಜನವರಿಯನ್ನಷ್ಟೇ ನೋಡಿದರೆ ಬೆಂಗಳೂರು, ಅಹಮದಾಬಾದ್ ಎರಡೂ ಹವೆಯಲ್ಲಿ ಹತ್ತಿರದವೇ. ಹಗಲಿನ ಉಷ್ಣತೆ ಎರಡರಲ್ಲೂ ಸುಮಾರು 28 ಡಿಗ್ರಿ ಸೆಲ್ಸಿಯಸ್. ರಾತ್ರಿ ಬೆಂಗಳೂರಿನಲ್ಲಿ 15–16, ಅಹಮದಾಬಾದಿನಲ್ಲಿ ಸುಮಾರು 12. ವ್ಯತ್ಯಾಸ ಕಾಣುವುದು ಬೇಸಿಗೆಯಲ್ಲಿ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರು ಏಪ್ರಿಲ್‌ನಲ್ಲಿ ಸರಾಸರಿ 34 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಹಮದಾಬಾದಿನ ಮೇ ತಿಂಗಳ ಸರಾಸರಿ ಹಗಲುಷ್ಣತೆ 41–42. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಯಿತು. 1618ರಲ್ಲಿ ಇಲ್ಲಿ ತಂಗಿದ್ದ ಮೊಗಲ್ ದೊರೆ ಜಹಾಂಗೀರ್ ಈ ಊರನ್ನು ದೂಳಿನ ಊರು ಎಂದು ಬೈದು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಗುಲಾಬಿ ಗಿಡಕ್ಕೆ ಬಾಯಿ ಇದ್ದಿದ್ದರೆ ಅದೂ ಮೇ ತಿಂಗಳಲ್ಲಿ ಅದೇ ಮಾತು ಹೇಳುತ್ತಿತ್ತು.

ಪರದೇಶದ ಗುಲಾಬಿ ಪಟ್ಟಿಗಳನ್ನು ಓದಿ ಗಿಡ ತರಿಸುವವರು ತಪ್ಪು ದಾರಿ ಹಿಡಿಯುವುದು ಇಲ್ಲೇ. ಆ ಪಟ್ಟಿಗಳಲ್ಲಿ ಪ್ರತಿ ತಳಿಯ ಮುಂದೆ ‘ಝೋನ್’ ಎಂದು ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಿಂದ ಬಂದ ಈ ಸಂಖ್ಯೆ ಒಂದನ್ನೇ ಅಳೆಯುತ್ತದೆ: ವರ್ಷದ ಅತಿ ತಣ್ಣನೆಯ ರಾತ್ರಿಯಲ್ಲಿ ಪಾದರಸ ಎಷ್ಟು ಇಳಿಯುತ್ತದೆ ಎಂಬುದನ್ನು. ಹಿಮದಲ್ಲಿ ಗಿಡ ಸಾಯುವ ದೇಶಕ್ಕೆ ಅದು ಬೇಕಾದ ಮಾಹಿತಿ. ನಮಗೆ ಅದರಿಂದ ಯಾವ ಉಪಯೋಗವೂ ಇಲ್ಲ, ಏಕೆಂದರೆ ಗುಜರಾತಿನ ಬಯಲಲ್ಲಿ ಯಾವ ಗುಲಾಬಿಯೂ ಚಳಿಗೆ ಸಾಯುವುದಿಲ್ಲ. ಈ ಕೊರತೆಯನ್ನು ಕಂಡೇ ಅಮೆರಿಕದ ತೋಟಗಾರಿಕೆ ಸಂಘ 1997ರಲ್ಲಿ ಸೆಕೆಯ ನಕ್ಷೆಯೊಂದನ್ನು ಹೊರತಂದಿತು. ವರ್ಷದಲ್ಲಿ 30 ಡಿಗ್ರಿ ಮೀರುವ ದಿನಗಳೆಷ್ಟು ಎಂಬುದೇ ಅದರ ಅಳತೆ. ಅದರಲ್ಲಿ 12 ವಲಯಗಳಿವೆ. ಅಂಥ ದಿನಗಳು 210ಕ್ಕಿಂತ ಹೆಚ್ಚಿದ್ದರೆ ಕೊನೆಯ ವಲಯ. ಅಹಮದಾಬಾದಿನಲ್ಲಿ ಫೆಬ್ರುವರಿ ಮಧ್ಯದಿಂದ ನವೆಂಬರ್ ಕಳೆಯುವವರೆಗೂ ಹೆಚ್ಚುಕಡಿಮೆ ನಿತ್ಯವೂ 30 ದಾಟುತ್ತದೆ. ಆ ಲೆಕ್ಕದಲ್ಲಿ ಈ ಊರು ನಕ್ಷೆಯ ಕಟ್ಟಕಡೆಯ ತುದಿಯಲ್ಲಿದೆ. ನಮ್ಮ ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಗಳ ಬೇಸಿಗೆಯೂ ಇದಕ್ಕೆ ದೂರದ್ದಲ್ಲ. ಹೀಗಾಗಿ ನವರಂಗಪುರದ ಗುಲಾಬಿಯ ಪಾಠದಲ್ಲಿ ಬಹುಪಾಲು ಬಯಲುಸೀಮೆಯ ಮನೆಗಳಿಗೂ ಒಪ್ಪುತ್ತದೆ.

ಗುಲಾಬಿಯ ಎರಡು ಕುಲ

ಗುಲಾಬಿಯಲ್ಲಿ ಸ್ಥೂಲವಾಗಿ ಎರಡು ಕುಲಗಳಿವೆ ಎಂದು ತಿಳಿದರೆ ಆಯ್ಕೆಯ ಅರ್ಧ ಗೊಂದಲ ಕಳೆಯುತ್ತದೆ. ಯುರೋಪಿನ ಹಳೆಯ ಗುಲಾಬಿಗಳಾದ ಗ್ಯಾಲಿಕಾ, ಆಲ್ಬಾ ಮೊದಲಾದವು ವರ್ಷಕ್ಕೊಮ್ಮೆ ಮಾತ್ರ ಅರಳುತ್ತವೆ. ಚಳಿಗಾಲದಲ್ಲಿ ಎಲೆ ಉದುರಿಸಿ ಗಾಢವಾಗಿ ಮಲಗಿ, ವಸಂತದಲ್ಲಿ ಹಿಂದಿನ ವರ್ಷದ ಕೊಂಬೆಯ ಮೇಲೆ ಹೂ ಬಿಡುವುದು ಅವುಗಳ ಕ್ರಮ. ಸಾಕಷ್ಟು ಚಳಿ ಸಿಗದಿದ್ದರೆ ಅವು ಎಲೆಯನ್ನಷ್ಟೇ ಬೆಳೆಸಿಕೊಂಡು ಇದ್ದುಬಿಡುತ್ತವೆ. ಅಹಮದಾಬಾದಿನ ಚಳಿಗಾಲ ಅವಕ್ಕೆ ಚಳಿಗಾಲವೇ ಅಲ್ಲ. ಚಿತ್ರಪುಸ್ತಕದಲ್ಲಿ ಎಷ್ಟೇ ಚೆಲುವಾಗಿ ಕಂಡರೂ ಅವನ್ನು ಇಲ್ಲಿಗೆ ತರಿಸುವುದು ದುಡ್ಡು ದಂಡ ಮಾಡಿದಂತೆ.

ಇನ್ನೊಂದು ಕುಲ ಚೀನಾದ್ದು. ಅಲ್ಲಿನ ತೋಟಗಳಲ್ಲಿ ಶತಮಾನಗಳಿಂದ ವರ್ಷವಿಡೀ ಹೂ ಬಿಡುವ ಗುಲಾಬಿಗಳಿದ್ದವು. 18ನೇ ಶತಮಾನದ ಕೊನೆಯಲ್ಲಿ ಅವು ಹಡಗು ಹತ್ತಿ ಯುರೋಪಿಗೆ ಹೋದವು. ದಾರಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ತಂಗಿ ಹೋದವೂ ಇದ್ದುದರಿಂದ ಯುರೋಪಿನವರು ಅವನ್ನು ಬಂಗಾಳದ ಗುಲಾಬಿ ಎಂದು ಕರೆದರು. ಯುರೋಪಿನ ಗುಲಾಬಿಯೊಂದಿಗೆ ಇವುಗಳ ಸಂಕರ ನಡೆದು, 1867ರಲ್ಲಿ ಫ್ರಾನ್ಸಿನ ಗಿಯೋ ಹೊರತಂದ ‘ಲಾ ಫ್ರಾನ್ಸ್’ ಮೊದಲ ಹೈಬ್ರಿಡ್ ಟೀ ಗುಲಾಬಿ ಎನ್ನಿಸಿಕೊಂಡಿತು. ಇಂದು ನರ್ಸರಿಯಲ್ಲಿ ಉದ್ದ ತೊಟ್ಟಿನ ಮೇಲೆ ಒಂಟಿಯಾಗಿ ದೊಡ್ಡ ಹೂ ಬಿಡುವ ಬಹುತೇಕ ಗಿಡಗಳು ಅದೇ ವರ್ಗದವು.

ಚೀನಾದ ಗುಲಾಬಿ ಸದಾ ಅರಳುವುದೇಕೆ ಎಂಬ ಪ್ರಶ್ನೆಗೆ ಫ್ರಾನ್ಸ್ ಮತ್ತು ಜಪಾನಿನ ವಿಜ್ಞಾನಿಗಳು 2012ರಲ್ಲಿ ಉತ್ತರ ಕೊಟ್ಟರು. ಗುಲಾಬಿಯಲ್ಲಿ ಹೂ ಬಿಡುವುದನ್ನು ತಡೆದು ಹಿಡಿಯುವ ಒಂದು ಜೀನ್ ಇದೆ. ಒಮ್ಮೆ ಮಾತ್ರ ಅರಳುವ ಗುಲಾಬಿಗಳಲ್ಲಿ ಅದು ವಸಂತ ಕಳೆದ ಮೇಲೆ ಹೂವಿಗೆ ತಡೆ ಹಾಕುತ್ತದೆ. ಚೀನಾದ ಗುಲಾಬಿಯಲ್ಲಿ ಯಾವುದೋ ಕಾಲದಲ್ಲಿ ಆ ಜೀನ್‌ನ ನಡುವೆ ಬೇರೊಂದು ಡಿಎನ್‌ಎ ತುಣುಕು ಬಂದು ಕೂತು ತಡೆ ಸಡಿಲವಾಗಿದೆ. ಅದರ ಫಲವಾಗಿ ಹೊರಡುವ ಚಿಗುರೆಲ್ಲ ತುದಿಯಲ್ಲಿ ಮೊಗ್ಗು ಹೊರುತ್ತದೆ.

ಮನೆಯ ತೋಟಕ್ಕೆ ಇದರಿಂದ ದೊರೆಯುವ ಪಾಠ ಎರಡು. ಮೊದಲನೆಯದು, ಚೀನಾ ರಕ್ತ ಹೆಚ್ಚಿರುವ ಗುಲಾಬಿಗೆ ಚಳಿಯ ನಿದ್ದೆ ಬೇಕಿಲ್ಲ. ಎರಡನೆಯದು, ಅದು ಯಾವಾಗ ಅರಳಬೇಕೆಂಬುದನ್ನು ಬಹುಮಟ್ಟಿಗೆ ಕತ್ತರಿ ಹಿಡಿದವರೇ ನಿರ್ಧರಿಸಬಹುದು. ಸವರಿದರೆ ಚಿಗುರು, ಚಿಗುರಿದರೆ ಆರೇಳು ವಾರದಲ್ಲಿ ಹೂ. ಪುಷ್ಕರದ ಸುತ್ತ ಅತ್ತರು, ಗುಲ್ಕನ್‌ಗಾಗಿ ಬೆಳೆಯುವ ಡಮಾಸ್ಕ್ ಗುಲಾಬಿ ಸ್ವಭಾವದಲ್ಲಿ ಈ ಎರಡು ಕುಲಗಳ ಮಧ್ಯದ್ದು. ಬಯಲಿನ ಬಿಸಿಲನ್ನು ತಾಳುತ್ತದೆ, ಆದರೆ ಮುಖ್ಯವಾಗಿ ಚೈತ್ರದ ಸುಮಾರಿಗೆ ಒಮ್ಮೆ ಹೂ ಕೊಡುತ್ತದೆ. ಅಲ್ಲಿಯವರು ಅದನ್ನು ಚೈತ್ರದ ಗುಲಾಬಿ ಎಂದೇ ಕರೆಯುತ್ತಾರೆ. ಪರಿಮಳಕ್ಕಾಗಿ ಒಂದು ಗಿಡ ಇಟ್ಟುಕೊಳ್ಳಬಹುದು, ವರ್ಷವಿಡೀ ಹೂ ಬೇಕೆನ್ನುವವರಿಗೆ ಅದು ಸಾಲದು.

ನಮ್ಮ ನೆಲದಲ್ಲಿ ಹುಟ್ಟಿದವು

ಭಾರತದ ಬಿಸಿಲಿಗೆ ಭಾರತದಲ್ಲೇ ಗುಲಾಬಿ ಬೆಳೆಸಬೇಕೆಂದು ದುಡಿದವರಿದ್ದಾರೆ. ಗೋಧಿ ತಳಿವಿಜ್ಞಾನಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕ ಬಿ.ಪಿ. ಪಾಲ್ ಅವರು ಗುಲಾಬಿಯ ತಳಿ ಅಭಿವೃದ್ಧಿಯನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದರು. ‘ರೋಸ್ ಶರ್ಬತ್’, ‘ಡೆಲ್ಲಿ ಪ್ರಿನ್ಸೆಸ್’, ‘ಡಾ. ಹೋಮಿ ಭಾಭಾ’, ‘ಬಂಜಾರನ್’ ಅವರವು. ದೆಹಲಿಯ ಪೂಸಾ ಸಂಸ್ಥೆಯಿಂದ ‘ಮೃಣಾಲಿನಿ’, ‘ರಕ್ತಗಂಧ’, ‘ಹಿಮಾಂಗಿನಿ’, ‘ಮೋಹಿನಿ’ ಬಂದವು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ ಪರಿಮಳ’, ‘ಅರ್ಕಾ ಸವಿ’ಗಳಂಥ ತಳಿಗಳನ್ನು ಕೊಟ್ಟಿದೆ.

ಕೊಡೈಕೆನಾಲಿನ ವೀರು ಮತ್ತು ಗಿರಿಜಾ ವೀರರಾಘವನ್ ದಂಪತಿ ಇನ್ನೊಂದು ದಾರಿ ಹಿಡಿದರು. ಬೆಚ್ಚನೆಯ ನಾಡಿನ ಗುಲಾಬಿಗೆ ಬೆಚ್ಚನೆಯ ನಾಡಿನ ಕಾಡು ಗುಲಾಬಿಯೇ ತಾಯಿಯಾಗಬೇಕು ಎಂಬುದು ಅವರ ವಿಚಾರ. ಮಣಿಪುರದ ಬೆಟ್ಟಗಳ ರೋಸಾ ಜೈಗಾಂಟಿಯಾ ಒಂದು, ರೋಸಾ ಕ್ಲೈನೋಫಿಲ್ಲಾ ಇನ್ನೊಂದು. ಈ ಎರಡನೆಯದು ಬಂಗಾಳದ ನದಿದಂಡೆಗಳಂತೆಯೇ ಗುಜರಾತಿನ ಗಡಿಗೆ ಅಂಟಿಕೊಂಡಿರುವ ಅಬು ಬೆಟ್ಟದಲ್ಲೂ ಬೆಳೆಯುತ್ತದೆ. ಅಹಮದಾಬಾದಿನವರು ಬೇಸಿಗೆಯಲ್ಲಿ ತಂಪಿಗೆಂದು ಹೋಗುವ ಬೆಟ್ಟದಲ್ಲಿ ಸೆಕೆಗೆ, ನೀರು ನಿಂತ ನೆಲಕ್ಕೆ ಹೆದರದ ಗುಲಾಬಿಯೊಂದು ತನ್ನಷ್ಟಕ್ಕೆ ಬದುಕಿದೆ. ಗುಲಾಬಿ ಎಂದರೆ ಚಳಿನಾಡಿನ ಹೂ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಯಾವುದನ್ನು ಆರಿಸಬೇಕು

ಮೊದಲ ಬಾರಿಗೆ ಗುಲಾಬಿ ಬೆಳೆಸುವವರು ದೊಡ್ಡ ಹೂವಿನ ಆಸೆಯನ್ನು ಒಂದು ವರ್ಷ ಮುಂದೂಡಿ, ಗಟ್ಟಿ ಗಿಡದಿಂದ ಆರಂಭಿಸುವುದು ಒಳ್ಳೆಯದು. ಅಂಥದ್ದರಲ್ಲಿ ಮೊದಲ ಸ್ಥಾನ ‘ಗ್ರುಸ್ ಆನ್ ಟೆಪ್ಲಿಟ್ಸ್’ಗೆ. 1897ರಲ್ಲಿ ಹೊರಬಂದ ಈ ಕಡುಗೆಂಪು ಗುಲಾಬಿ ಉತ್ತರ ಭಾರತದ ಬಯಲಿನಲ್ಲಿ ಬಿಡಿಹೂವಿಗಾಗಿ ಇಂದಿಗೂ ಬೆಳೆಯಲಾಗುತ್ತಿರುವ ತಳಿ. ಹೂ ಬಾಗುತ್ತದೆ, ಎಸಳು ಬೇಗ ಉದುರುತ್ತದೆ, ಹೂದಾನಿಗೆ ಒದಗುವುದಿಲ್ಲ. ಆದರೆ ಪರಿಮಳ, ದೇವರ ಪೂಜೆ, ಗುಲ್ಕನ್ ಈ ಮೂರಕ್ಕೂ ಒದಗುತ್ತದೆ, ಗಿಡ ಸುಲಭಕ್ಕೆ ಸೋಲುವುದಿಲ್ಲ. ದಕ್ಷಿಣದಲ್ಲಿ ಎಡ್ವರ್ಡ್ ರೋಜ್ ಎಂದು ಹೆಸರಾದ ನಸುಗೆಂಪು ಹೂವಿನ ಗಿಡವೂ ಇದೇ ಜಾಯಮಾನದ್ದು. ತಮಿಳುನಾಡಿನ ಬಯಲುಗಳಲ್ಲಿ ಬೆಳೆದು ಪಳಗಿದ ಈ ಗಿಡ ಕನ್ನಡಿಗರಿಗೆ ಪರಿಚಿತ. ಊರಿನಿಂದ ತರುವವರಿದ್ದರೆ ಒಂದು ಗಿಡ ಅಥವಾ ಒಂದೆರಡು ಕಡ್ಡಿ ತರಿಸಿಕೊಳ್ಳಬಹುದು. ಈ ಎರಡೂ ಕಡ್ಡಿಯಿಂದಲೇ ಬೇರು ಬಿಡುವುದರಿಂದ ಕಸಿಯ ಚಿಂತೆಯೂ ಇಲ್ಲ.

ಎರಡನೆಯ ಹಂತದಲ್ಲಿ ಗೊಂಚಲು ಹೂವಿನ ಫ್ಲೋರಿಬಂಡಾಗಳು. 1958ರಲ್ಲಿ ಜರ್ಮನಿಯ ಕಾರ್ಡೆಸ್ ಸಂಸ್ಥೆ ಹೊರತಂದ ಬಿಳಿಯ ‘ಐಸ್‌ಬರ್ಗ್’ ಲೋಕದ ಬೆಚ್ಚನೆಯ ಊರುಗಳಲ್ಲೆಲ್ಲ ನೆಚ್ಚಿನ ಗಿಡ. ‘ಡೆಲ್ಲಿ ಪ್ರಿನ್ಸೆಸ್’, ‘ಹಿಮಾಂಗಿನಿ’ ಸಿಕ್ಕರೆ ಬಿಡಬಾರದು. ಫ್ಲೋರಿಬಂಡಾದಲ್ಲಿ ಒಂದು ಹೂ ಬಿಸಿಲಿಗೆ ಬಾಡಿದರೂ ಅದೇ ಗೊಂಚಲಿನಲ್ಲಿ ಇನ್ನೊಂದು ಅರಳುತ್ತಿರುತ್ತದೆ. ಚಿಕ್ಕ ಬಾಲ್ಕನಿಗೆ ಮಿನಿಯೇಚರ್, ಪಾಲಿಯಾಂಥಾ ಗುಲಾಬಿಗಳು ಸಾಕು. ಅವುಗಳ ಕುಂಡವನ್ನು ಒಬ್ಬರೇ ಎತ್ತಿ ನೆರಳಿಗೆ ಸರಿಸಬಹುದು ಎಂಬುದೇ ಏಪ್ರಿಲ್‌ನಲ್ಲಿ ದೊಡ್ಡ ಅನುಕೂಲ.

ಹೈಬ್ರಿಡ್ ಟೀ ಬೇಕೇ ಬೇಕೆಂದರೆ ಮೈತುಂಬ ಎಲೆ ಹೊರುವ, ಎತ್ತರಕ್ಕೆ ಬೆಳೆಯುವ ತಳಿ ನೋಡಿ. ಎಲೆಯೇ ಕೊಂಬೆಗೆ ಕೊಡೆ. ಎಲೆ ವಿರಳವಾದ ಗಿಡದ ಕಾಂಡ ಮೇ ಬಿಸಿಲಿಗೆ ಸುಟ್ಟು ಸಿಗಿಯುತ್ತದೆ. 1954ರ ‘ಕ್ವೀನ್ ಎಲಿಜಬೆತ್’ ಹೈಬ್ರಿಡ್ ಟೀ ಅಲ್ಲ, ಅದಕ್ಕೆ ಹತ್ತಿರದ ಗ್ರಾಂಡಿಫ್ಲೋರಾ ವರ್ಗದ್ದು; ಆದರೂ ಈ ದೃಷ್ಟಿಯಿಂದ ನಂಬಿಕಸ್ಥ ಗಿಡ. ‘ಮೃಣಾಲಿನಿ’ಯೂ ಇಲ್ಲಿನ ಚಳಿಗಾಲದಲ್ಲಿ ಸೊಗಸಾಗಿ ಅರಳುವ ಗುಲಾಬಿ. ಕಪ್ಪಿಗೆ ತಿರುಗುವಷ್ಟು ಕಡುಗೆಂಪು ಹೂಗಳು ಬಿಸಿಲಲ್ಲಿ ಎಸಳಂಚು ಸುಟ್ಟುಕೊಳ್ಳುತ್ತವೆ. ಅವಕ್ಕೆ ಮಧ್ಯಾಹ್ನದ ನೆರಳು ಬೇಕು.

ಒಂದು ಎಚ್ಚರಿಕೆ. ಬೆಂಗಳೂರು, ಹೊಸೂರು, ಪುಣೆಯ ಪಾಲಿಹೌಸ್‌ಗಳಲ್ಲಿ ರಫ್ತಿಗೆಂದು ಬೆಳೆಯುವ ‘ತಾಜ್ ಮಹಲ್’ನಂಥ ತಳಿಗಳು ತೋಟದ ಗುಲಾಬಿಗಳಲ್ಲ. ಅವುಗಳ ಗುಣ ಉದ್ದ ತೊಟ್ಟು, ದೂರದ ಪ್ರಯಾಣ ತಾಳುವ ಗಟ್ಟಿ ಮೊಗ್ಗು. ನೆರಳು, ತೇವ, ಗೊಬ್ಬರ ಎಲ್ಲವೂ ಅಳತೆಯಲ್ಲಿ ಸಿಗುವ ಪಾಲಿಹೌಸಿನೊಳಗೆ ಬೆಳೆದವು ಬಯಲಿನ ಬಿಸಿಲಿಗೆ ತತ್ತರಿಸುತ್ತವೆ. ಹೂವಿನ ಅಂಗಡಿಯಲ್ಲಿ ಕಂಡ ಗುಲಾಬಿಯನ್ನೇ ಗಿಡವಾಗಿ ಬಯಸುವುದು ಬೇಡ.

ಕಣ್ಣಿಗೆ ಬೀಳದ ಅರ್ಧ ಗಿಡ

ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಜೋಡಣೆ. ಮೇಲಿನದು ಹೆಸರಿನ ತಳಿ, ಕೆಳಗಿನದು ಕಾಡು ಗುಲಾಬಿಯ ಬೇರು. ಕಣ್ಣು ಕಸಿ ಮಾಡಿ ಎರಡನ್ನೂ ಕೂಡಿಸಿರುತ್ತಾರೆ. ಕೊಳ್ಳುವವರು ಮೇಲಿನ ಹೂವಿನ ಬಣ್ಣ ಕೇಳುತ್ತಾರೆ, ಬೇರು ಯಾವುದೆಂದು ಕೇಳುವುದಿಲ್ಲ. ಆದರೆ ನೀರನ್ನು ಹೀರಿ ಮೇ ದಾಟಿಸುವುದು ಬೇರು.

ಬಂಗಾಳ, ಬಿಹಾರಗಳ ಮಣ್ಣಿಗೆ ಮಲ್ಟಿಫ್ಲೋರಾ ಬೇರು ಒಗ್ಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಹೀರಲಾರದು. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುವುದು ಅದರ ಲಕ್ಷಣ. ಅಹಮದಾಬಾದಿನ ಕೊಳವೆಬಾವಿ ನೀರು ಗಡಸು, ಮಣ್ಣು ಕ್ಷಾರದ ಕಡೆಗೆ ವಾಲಿದ್ದು. ಇಲ್ಲಿಗೆ ರೋಸಾ ಇಂಡಿಕಾ ಓಡೊರಾಟಾ ಬೇರಿನ ಕಸಿ ಹೆಚ್ಚು ಸೂಕ್ತ. ಕಸಿ ಗಿಡ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಆಂಧ್ರದ ಕಡಿಯಂನಂಥ ದೂರದ ನರ್ಸರಿಗಳಿಂದ ಬಂದ ಗಿಡವಾದರೆ ಬೇರಿನ ಸುತ್ತಲಿನ ಜಿಗುಟು ಮಣ್ಣಿನ ಉಂಡೆಯನ್ನು ನೆಡುವ ಮೊದಲು ಅಂಚಿನಲ್ಲಿ ಮೆಲ್ಲಗೆ ಸಡಿಲಿಸಿ. ಇಲ್ಲದಿದ್ದರೆ ಹೊಸ ಮಣ್ಣಿಗೆ ಹಾಕಿದ ನೀರು ಆ ಉಂಡೆಯೊಳಗೆ ಇಳಿಯುವುದಿಲ್ಲ.

ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಬೇರಿನ ಗಿಡದ್ದು. ಅದನ್ನು ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಅದು ಹುಲುಸಾಗಿ ಬೆಳೆಯುವುದನ್ನು ಕಂಡು ಸಂತೋಷಪಟ್ಟವರ ಗಿಡ ಒಂದೆರಡು ವರ್ಷದಲ್ಲಿ ಪೂರ್ತಿ ಕಾಡು ಗುಲಾಬಿಯಾಗಿರುತ್ತದೆ.

ವರ್ಷವನ್ನು ತಿರುಗಿಸಿ ಹಾಕಿ

ಚಳಿನಾಡಿನಲ್ಲಿ ಗುಲಾಬಿಯ ವರ್ಷ ವಸಂತದಲ್ಲಿ ಆರಂಭವಾಗುತ್ತದೆ. ನವರಂಗಪುರದಲ್ಲಿ ಅದು ಆರಂಭವಾಗುವುದು ನವರಾತ್ರಿ ಮುಗಿದ ಮೇಲೆ. ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿಯುತ್ತದೆ. ಅಕ್ಟೋಬರ್ ಮೊದಲ ಭಾಗದಲ್ಲಿ ಮತ್ತೊಂದು ಸಣ್ಣ ಬೇಸಿಗೆ ಬಂದು ಹೋಗುತ್ತದೆ. ಹವೆ ಇಳಿಯತೊಡಗಿದಾಗ, ಅಕ್ಟೋಬರ್ ಮಧ್ಯದ ನಂತರ, ವರ್ಷದ ಮುಖ್ಯ ಚಾಟನಿ ಮಾಡಬೇಕು. ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದುಹಾಕಿ, ಗಟ್ಟಿ ಕೊಂಬೆಗಳನ್ನು ಅರ್ಧದಷ್ಟು ಎತ್ತರಕ್ಕೆ ಇಳಿಸಿದರೆ ಸಾಕು. ಹೊರಮುಖವಾದ ಕಣ್ಣಿನ ಕಾಲಂಗುಲ ಮೇಲೆ, ಹರಿತವಾದ ಕತ್ತರಿಯಿಂದ ಕತ್ತರಿಸಿ. ಕತ್ತರಿಸಿದ ತುದಿಗೆ ತಾಮ್ರಯುಕ್ತ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿದರೆ ಕೊಂಬೆ ತುದಿಯಿಂದ ಕಪ್ಪಗೆ ಒಣಗುತ್ತ ಬರುವ ರೋಗ ತಪ್ಪುತ್ತದೆ. ಆಗ ಸವರಿದ ಗಿಡ ಡಿಸೆಂಬರ್ ಮೊದಲ ವಾರಗಳಲ್ಲಿ ಅರಳುತ್ತದೆ. ಉತ್ತರಾಯಣಕ್ಕೆ ಹೂ ಬೇಕಿದ್ದರೆ ಒಂದೆರಡು ಗಿಡಗಳನ್ನು ನವೆಂಬರ್ ಕೊನೆಗೆ ಸವರಿ. ಪ್ರತಿ ಚಿಗುರೂ ಹೂವಾಗುವ ಚೀನಾ ಗುಲಾಬಿಯ ಗುಣವೇ ಈ ಲೆಕ್ಕಕ್ಕೆ ಆಧಾರ.

ಸವರುವ ಹೊತ್ತಿಗೆ ಬುಡದ ಮಣ್ಣು ಅಗೆದು, ಬೇರನ್ನು ವಾರಗಟ್ಟಲೆ ಗಾಳಿಗೆ, ಬಿಸಿಲಿಗೆ ಒಡ್ಡುವ ಪದ್ಧತಿಯೊಂದು ನಮ್ಮಲ್ಲಿ ಹಳೆಯ ಕಾಲದಿಂದ ಇದೆ. ತೋಟಗಾರಿಕೆಯ ಪಠ್ಯಗಳಲ್ಲೂ ಅದನ್ನು ವಿಂಟರಿಂಗ್ ಎಂದು ಬರೆದಿರುತ್ತಾರೆ. ಚಳಿಗಾಲವಿಲ್ಲದ ಊರಿನಲ್ಲಿ ನೀರು ತಪ್ಪಿಸಿ, ಎಲೆ ಉದುರಿಸಿ, ಗಿಡಕ್ಕೆ ಬಲವಂತದ ನಿದ್ದೆ ಬರಿಸುವುದು ಅದರ ಉದ್ದೇಶ. ಆದರೆ ಚೀನಾ ರಕ್ತದ ಗುಲಾಬಿಗೆ ಆ ನಿದ್ದೆಯ ಅಗತ್ಯವಿಲ್ಲ. ಅಹಮದಾಬಾದಿನ ಅಕ್ಟೋಬರ್ ಬಿಸಿಲಿಗೆ ಬೇರು ತೆರೆದಿಟ್ಟರೆ ನೀರು ಹೀರುವ ಎಳೆಬೇರುಗಳೇ ಸಾಯುತ್ತವೆ. ಮೇಲಿನ ಎರಡಂಗುಲ ಮಣ್ಣನ್ನು ಸಡಿಲಿಸಿ, ಹೊಸ ಗೊಬ್ಬರ ಬೆರೆಸಿ, ನೀರು ಹಾಕಿದರೆ ಸಾಕು.

ಗೊಬ್ಬರಕ್ಕೆ ಗುಜರಾತಿನಲ್ಲಿ ಒಂದು ಅನುಕೂಲವಿದೆ. ದೇಶದ ಹರಳಿನ ಬೆಳೆಯಲ್ಲಿ ಸಿಂಹಪಾಲು ಇಲ್ಲಿಯದು. ಎಣ್ಣೆ ತೆಗೆದ ಮೇಲೆ ಉಳಿಯುವ ಹರಳು ಹಿಂಡಿ, ಇಲ್ಲಿನವರ ಮಾತಿನಲ್ಲಿ ದಿವೇಲಿ ಖೋಳ, ಸುಲಭವಾಗಿ ಸಿಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಒಂದು ಹಿಡಿ ಹರಳು ಅಥವಾ ಬೇವಿನ ಹಿಂಡಿ ಬೆರೆಸಿ ಕೊಟ್ಟರೆ ಚಿಗುರು ಬಲವಾಗಿ ಬರುತ್ತದೆ. ಹರಳು ಹಿಂಡಿಯಲ್ಲಿ ವಿಷದ ಅಂಶ ಇರುವುದರಿಂದ ನಾಯಿ ಸಾಕಿದವರು ಅದನ್ನು ಬಿಟ್ಟು ಬೇವಿನ ಹಿಂಡಿಯನ್ನೇ ಬಳಸಬೇಕು. ವಾಸನೆಗೆ ಮರುಳಾಗಿ ನಾಯಿಗಳು ಅದನ್ನು ತಿಂದುಬಿಡುತ್ತವೆ.

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಗುಲಾಬಿಗೆ ಇಲ್ಲಿ ಸುಖದ ಕಾಲ. ಬಾಡಿದ ಹೂವನ್ನು ಅದರ ಕೆಳಗಿನ ಐದೆಲೆಯ ಗಿಣ್ಣಿನವರೆಗೆ ಕತ್ತರಿಸುತ್ತ ಬಂದರೆ ಮುಂದಿನ ಹೂ ತಾನಾಗಿ ಬರುತ್ತದೆ. ಒಣ ಹಗಲು, ತಂಪು ರಾತ್ರಿ ಕೂಡಿದಾಗ ಎಳೆ ಎಲೆಗೆ ಬೂದಿ ರೋಗ ಬರುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಉಷ್ಣತೆ 30 ದಾಟುವ ಹೊತ್ತಿನಲ್ಲಿ ಮಾತ್ರ ಗಂಧಕ ಬೇಡ, ಎಲೆ ಸುಡುತ್ತದೆ.

ಮಾರ್ಚ್ ಮಧ್ಯದಲ್ಲಿ ಗೊಬ್ಬರ ನಿಲ್ಲಿಸಿ. ಇದು ಹೆಚ್ಚಿನವರು ತಪ್ಪುವ ಹೆಜ್ಜೆ. ಹೂ ಕಿರಿದಾಯಿತೆಂದು ಗೊಬ್ಬರ ಹೆಚ್ಚಿಸುತ್ತಾರೆ, ಗಿಡ ಸೊರಗಿತೆಂದು ಕತ್ತರಿ ಹಾಕುತ್ತಾರೆ. ಗೊಬ್ಬರ ತರಿಸಿದ ಎಳೆ ಚಿಗುರು ಬಿಸಿಗಾಳಿಗೆ ಸುಟ್ಟುಹೋಗುತ್ತದೆ, ಸವರಿದ ಕೊಂಬೆ ನೆರಳಿಲ್ಲದೆ ಒಣಗುತ್ತದೆ. ಏಪ್ರಿಲ್, ಮೇ, ಜೂನ್ ಇಲ್ಲಿನ ಗುಲಾಬಿಗೆ ವಿಶ್ರಾಂತಿಯ ತಿಂಗಳು. ಹಿಮದ ನಾಡಿನಲ್ಲಿ ಜನವರಿ ಮಾಡುವ ಕೆಲಸವನ್ನು ಇಲ್ಲಿ ಮೇ ಮಾಡುತ್ತದೆ. ಮೊಗ್ಗು ಮೂಡಿದರೆ ಚಿವುಟಿ ಬಿಡಿ, ಎಲೆಯನ್ನು ಉಳಿಸಿ. ಬುಡಕ್ಕೆ ಒಣ ಎಲೆ ಅಥವಾ ಹುಲ್ಲಿನ ಮೂರಂಗುಲ ಹೊದಿಕೆ ಹಾಕಿ. ಬೆಳಗಿನ ಬಿಸಿಲು ಸಿಗಲಿ, ಮಧ್ಯಾಹ್ನ ಹಸಿರು ಬಲೆಯ ನೆರಳಿರಲಿ. ಪಶ್ಚಿಮದ ಗೋಡೆಗೆ ಒರಗಿಸಿಟ್ಟ ಕುಂಡ ಮಧ್ಯಾಹ್ನವೆಲ್ಲ ಬಿಸಿಲು ತಿಂದು ರಾತ್ರಿಯೂ ಗೋಡೆಯ ಕಾವಿನಲ್ಲಿ ಬೇಯುತ್ತದೆ. ಅದನ್ನು ಅಲ್ಲಿಂದ ತೆಗೆಯಿರಿ. ಎಲೆಯ ಅಡಿಯಲ್ಲಿ ಕೆಂಪು ನುಸಿ ಸೇರುವುದೂ ಇದೇ ಕಾಲದಲ್ಲಿ, ದೂಳು ಕೂತ ಎಲೆಯಲ್ಲಿ ಹೆಚ್ಚು. ಬೆಳಗ್ಗೆ ಬೇಗ ಎಲೆಯ ಅಡಿಗೆ ನೀರು ಜೋರಾಗಿ ಹಾಯಿಸಿ ತೊಳೆದರೆ ಎರಡೂ ಹೋಗುತ್ತವೆ.

ನೀರು, ಮಣ್ಣು ಮತ್ತು ಮೂರು ಊರು

ನೆಲದಲ್ಲಿ ನೆಡುವವರು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಮೂರರಲ್ಲೊಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಅಹಮದಾಬಾದಿನ ಮರಳು ಮಿಶ್ರಿತ ಗೋರಾಡು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಅದು ಬೇರಿಗೆ ಒಳ್ಳೆಯದು, ಆದರೆ ಬೇಗ ಒಣಗುತ್ತದೆ. ಕುಂಡಕ್ಕೆ ಒಂದಡಿಗಿಂತ ಕಡಿಮೆ ಅಗಲದ್ದು ಬೇಡ, ಬೇಸಿಗೆಯಲ್ಲಿ ಚಿಕ್ಕ ಕುಂಡದ ಮಣ್ಣು ಬೇರನ್ನೇ ಬೇಯಿಸುತ್ತದೆ. ಕೊಳವೆಬಾವಿ ನೀರು ಹಾಕುವ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುವುದನ್ನು ನೋಡಿರಬಹುದು. ಪಾಲಿಕೆಯ ನರ್ಮದಾ ನೀರು ಸಿಗುವವರು ಗುಲಾಬಿಗೆ ಅದನ್ನೇ ಮೀಸಲಿಡಿ. ಇಲ್ಲದವರು ಒಮ್ಮೊಮ್ಮೆ ಕುಂಡದ ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ ಉಪ್ಪನ್ನು ತೊಳೆಯಬೇಕು. ಮೊದಲ ಮಳೆಗಳು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ. ಕುಂಡಗಳನ್ನು ಆಗ ಮಳೆಗೆ ಬಿಡಿ.

ವಡೋದರಾ, ಸೂರತ್ ಕಡೆಗೆ ಹೋದಂತೆ ಸಮಸ್ಯೆ ಬದಲಾಗುತ್ತದೆ. ಅಹಮದಾಬಾದಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್, ಸೂರತ್‌ನದು 1,200ರ ಆಸುಪಾಸು. ಸಮುದ್ರದ ಗಾಳಿಯಿಂದ ಸೂರತ್‌ನ ಬೇಸಿಗೆ ಅಹಮದಾಬಾದಿನಷ್ಟು ಉರಿಯದು. ಆದರೆ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಎಲೆ ಒಣಗುವುದೇ ಇಲ್ಲ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಮಾತ್ರ ಒಳಹೊಗುತ್ತದೆ. ಅಹಮದಾಬಾದಿನಲ್ಲಿ ಮಳೆಯ ನಡುವೆ ಬಿಸಿಲು ಬಂದು ಗಿಡ ಪಾರಾಗಬಹುದು, ಸೂರತ್‌ನಲ್ಲಿ ಆ ಬಿಡುವು ಕಡಿಮೆ. ಅಲ್ಲಿನವರು ಒಂದಡಿ ಎತ್ತರದ ಮಡಿ ಕಟ್ಟಿ, ಗಿಡಗಳ ನಡುವೆ ಗಾಳಿ ಓಡಾಡುವಷ್ಟು ಅಂತರ ಬಿಟ್ಟು, ಉದುರಿದ ಎಲೆಯನ್ನು ಅಂದಂದೇ ಆಯ್ದು ಹಾಕಬೇಕು. ತಳಿ ಆರಿಸುವಾಗ ಹಳದಿ ಹೂಗಳ ಬಗ್ಗೆ ಎಚ್ಚರ ಬೇಕು. 1900ರಲ್ಲಿ ಬಂದ ‘ಸೊಲೇ ಡೋರ್’ ಎಂಬ ತಳಿಯ ಮೂಲಕ ಪರ್ಷಿಯಾದ ಕಡೆಯ ಗುಲಾಬಿಯ ಕಡುಹಳದಿ ನಮ್ಮ ತೋಟದ ಗುಲಾಬಿಗಳಿಗೆ ಬಂತು, ಅದರ ಜೊತೆಗೆ ಕಪ್ಪು ಚುಕ್ಕೆಗೆ ಸುಲಭವಾಗಿ ತುತ್ತಾಗುವ ಗುಣವೂ ಬಂತು. ಒಣಹವೆಯ ಅಹಮದಾಬಾದಿನಲ್ಲಿ ಹಳದಿ ಗುಲಾಬಿ ಸುಲಭ, ಸೂರತ್‌ನಲ್ಲಿ ಕಷ್ಟ. ವಡೋದರಾ ಮಣ್ಣಿನಲ್ಲೂ ಮಳೆಯಲ್ಲೂ ಈ ಎರಡರ ನಡುವಿನದು.

ಕೊಡಬೇಕಾದ ಮಾಹಿತಿ

ಕನ್ನಡಿಗರಿಗೆ ಲಾಲ್‌ಬಾಗ್‌ನ ಮೂಲಕ ಪರಿಚಿತರಾದ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಬೆಂಗಳೂರಿಗೆ ಬರುವ ಮೊದಲು ಇದ್ದದ್ದು ವಡೋದರಾದಲ್ಲಿ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ಈ ಜರ್ಮನ್ ತೋಟಗಾರ 1893ರಲ್ಲಿ ಗಾಯಕವಾಡರ ಸಂಸ್ಥಾನಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದರು. ಒಂದು ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳನ್ನು ರೂಪಿಸಿದ್ದು ಅವರ ದೊಡ್ಡ ಕೊಡುಗೆ. ಊರಿನ ಹವೆ ಯಾವ ತಿಂಗಳಲ್ಲಿ ಏನು ಮಾಡುತ್ತದೆ ಎಂದು ಮೊದಲು ನೋಡಿ, ನಂತರ ಗಿಡ ಆರಿಸುವುದು ಅವರ ವಿಧಾನ. ಒಂದು ಬಾಲ್ಕನಿಯ ಗುಲಾಬಿಗೂ ಬೇಕಾದದ್ದು ಅದೇ ವಿಧಾನ.

ಈ ಹೊಣೆಯನ್ನು ಗಿಡ ಕೊಳ್ಳುವವರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಗಿಡ ಮಾರುವವರು ತಳಿಯ ಹೆಸರು, ಬೇರಿನ ಹೆಸರು, ಅದು ತೋಟದ್ದೋ ಪಾಲಿಹೌಸಿನದ್ದೋ ಎಂಬ ಮೂರು ಮಾತನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿದರೆ ಎಷ್ಟೋ ಗಿಡಗಳು ಉಳಿಯುತ್ತವೆ. ಜನವರಿಯಲ್ಲಿ ಲಕ್ಷಾಂತರ ಹೂ ಜೋಡಿಸುವ ಪಾಲಿಕೆ ತನ್ನದೊಂದು ಉದ್ಯಾನದ ಮೂಲೆಯಲ್ಲಿ ಇಪ್ಪತ್ತು ಗುಲಾಬಿ ತಳಿಗಳನ್ನು ಹೆಸರು ಬರೆದು ನೆಟ್ಟು, ಮೇ ತಿಂಗಳಲ್ಲೂ ಜನರಿಗೆ ತೋರಿಸಲಿ. ಯಾವುದು ನಿಂತಿತು, ಯಾವುದು ಬಿದ್ದಿತು ಎಂಬುದನ್ನು ಯಾವ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಅದು ಹೇಳುತ್ತದೆ. ಆನಂದ್ ಮತ್ತು ನವಸಾರಿಯ ಕೃಷಿ ವಿಶ್ವವಿದ್ಯಾಲಯಗಳು, ನಮ್ಮಲ್ಲಿ ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು ಮನೆತೋಟದ ಗುಲಾಬಿಗೂ ಇಂಥ ಬೇಸಿಗೆಯ ಪರೀಕ್ಷೆ ನಡೆಸಿ ಫಲಿತಾಂಶವನ್ನು ಜನರ ಭಾಷೆಯಲ್ಲಿ ಪ್ರಕಟಿಸಿದರೆ ಬಯಲುಸೀಮೆಯ ಮನೆಮನೆಗೂ ಉಪಕಾರ.

ಅಲ್ಲಿಯವರೆಗೆ ಮನೆಯವರೇ ಮಾಡಬಹುದಾದ ಕೆಲಸ ಒಂದಿದೆ. ಈ ಬೇಸಿಗೆಯಲ್ಲಿ ನಿಮ್ಮ ಬೀದಿಯಲ್ಲಿ, ಸೊಸೈಟಿಯಲ್ಲಿ ಹಸಿರಾಗಿ ನಿಂತಿರುವ ಗುಲಾಬಿ ಯಾವುದೆಂದು ನೋಡಿ, ಅದನ್ನು ಬೆಳೆಸಿದವರನ್ನು ಮಾತನಾಡಿಸಿ, ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಅದು ಕಸಿ ಗಿಡವಾದರೆ ಬೇರು ಯಾವುದೆಂದೂ ವಿಚಾರಿಸಿ. ಮಳೆಗಾಲ ಮುಗಿದ ಮೇಲೆ ಆ ಚೀಟಿ ಹಿಡಿದು ನರ್ಸರಿಗೆ ಹೋಗಿ. ಜನವರಿಯ ಹೂ ಎಷ್ಟೇ ಕರೆದರೂ, ಮೇ ದಾಟಿದ ಗಿಡದ ಹೆಸರನ್ನೇ ಕೇಳಿ ಕೊಳ್ಳಿ.